ಹಗೇವಿಗೆ ಇಳಿಸಿದ ದೀಪ

ಬಿಸಿಲಿನಲ್ಲಿ ಕಾಣುವುದೇ ಇಲ್ಲ ಈ ಚಿಮಣಿ ದೀಪದ ಕುಡಿ, ಉರಿಯುತ್ತಿದೆಯೋ ಇಲ್ಲವೋ, ಬೆರಳು ಹತ್ತಿರ ಒಯ್ದ, ಸುಟ್ಟಿತು, ಹಾಂ ಉರಿಯುತ್ತಿದೆ, ಶಿವಲಿಂಗಪ್ಪ ಹಗ್ಗದ ಗಂಟನ್ನು ಮತ್ತೊಮ್ಮೆ ಜಗ್ಗಿ ನೋಡಿದ — ಅವಸರ ಮಾಡಬಾರದು, ಅವಸರಕ್ಕೇ ತಮ್ಮ ಹೋದ, ಇದೇ ಹರಿಪುರದ ಬಯಲಿನಲ್ಲಿ, ಅರಿಸಿನ ತುಂಬಿಡುವ ಇಂಥದೇ ಆಳದ ಗುಂಡಿಯಲ್ಲಿ, ಹಗೇವಿನಲ್ಲಿ, ನೆಲದೊಳಗಿನ ಗಾಳಿ ಕೆಟ್ಟಿರುತ್ತದೆ, ಮುಚ್ಚಳ ತೆಗೆದು ಬಿಡಬೇಕು, ಆಮೇಲೆ ದೀಪ ಇಳಿಸಬೇಕು, ಆರಿದರೆ ಸಾವು, ಆರದಿದ್ದರೆ ಆಳು ಇಳಿಯಬಹುದು, ಎಲ್ಲ ಗೊತ್ತಿತ್ತು, ಆದರೆ ಅಂದು ಸಾಂಗಲಿ ಪೇಟೆಗೆ ಹೊರಟ ಬಂಡಿಗಳು ಕಾಯುತ್ತಿದ್ದವು, ಇಳಿಯೋ ಸಿದ್ರಾಮ, ಏನಾಗಂಗಿಲ್ಲ, ಅಂದವನು ತಾನೇ, ಸಿದ್ರಾಮಪ್ಪ ಇಳಿದ, ಹಗ್ಗ ಒಮ್ಮೆ ಅಲುಗಿತು, ಮತ್ತೆ ಅಲುಗಲಿಲ್ಲ. ಹೆಣದ ಮುಂದೆ ಕುಳಿತ ಸುಶೀಲಾಬಾಯಿ ಅಳಲಿಲ್ಲ, ಒಂದು ದೀಪ ಇಳಿಸಿದ್ರ ನನ್ನ ಗಂಡ ಉಳೀತಿದ್ರರಿ ಭಾವಾರ, ಅಷ್ಟೇ ಅಂದಳು, ಆಮೇಲೆ ಒಂದೇ ಒಲೆಯ ರೊಟ್ಟಿ ತಿಂದರೂ ಅವನೊಂದಿಗೆ ಮಾತು ಬಿಟ್ಟಳು, ಬಡಿಸುವಾಗಲೂ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು, ಮಗ ಗುರುಸಿದ್ಧನನ್ನು ಅರಿಸಿನದ ವ್ಯಾಪಾರದ ಹತ್ತಿರ ಸುಳಿಯಗೊಡಲಿಲ್ಲ, ಮಿರಜಿನಲ್ಲಿ ಓದಿಸಿದಳು, ಅವನು ವಿಮಾನ ನಡೆಸಲು ಕಲಿಯುತ್ತೇನೆ ಅಂದಾಗ ಹೂಂ ಅಂದಳು, ನೆಲದೊಳಗೆ ಇಳಿಯುವುದಕ್ಕಿಂತ ಆಕಾಶ ಮೇಲು.

ನಿನ್ನೆ ಉಣ್ಣುವಾಗ ಹುಡುಗ ನಗುತ್ತಿದ್ದ, ಎಂಜಿನ್ ಕೆಟ್ರ ಹೆಂಗ ಇಳೀಬೇಕಂತ ಕಲಸ್ತಾರ ದೊಡ್ಡಪ್ಪ, ಬರೇ ಸುಳ್ಳ ಸುಳ್ಳ, ನೆಲ ಮುಟ್ಟೂ ಮೊದಲ ಮತ್ತ ಏರ್ತೇವಿ, ನಾಳಿ ನಮ್ಮ ಹಗೇವಿನ ಬಯಲಿಗೇ ಬರ್ತೇನಿ, ಚೊಕ್ಕ ಐತಿ — ತಾನೂ ತಲೆಯಾಡಿಸಿದ್ದ, ಬೆಳಿಗ್ಗೆ ಮರೆತು ಈ ಹಗೇವಿನ ಮುಚ್ಚಳ ತೆಗೆಸಿದ, ಗಾಳಿಯಾಡಲಿ ಎಂದು, ಜೀವಕ್ಕೆ ಅಪಾಯವಾಗದಿರಲಿ ಎಂದು! ಬುಧಗಾಂವದ ಕಡೆಯಿಂದ ಬಂದ ವಿಮಾನ ಸದ್ದು ನಿಲ್ಲಿಸಿ ತೇಲಿತು, ತಗ್ಗಿತು, ಏರಲೇ ಇಲ್ಲ, ಗಾಲಿ ಹಗೇವಿನ ಬಾಯಿಗೆ ಸಿಕ್ಕು ಅದರ ಮೇಲೇ ಮಗುಚಿತು, ಕಲಿಸುವ ಸಾಹೇಬ ಅಲ್ಲಿ ಬೇವಿನ ಕೆಳಗೆ ಎಚ್ಚರವಿಲ್ಲದೆ ಬಿದ್ದಿದ್ದಾನೆ, ತಲೆಕೆಳಗಾಗಿ ನೇತಾಡುತ್ತಿದ್ದ ಹುಡುಗ ಪಟ್ಟಿ ಬಿಚ್ಚಿಕೊಂಡು ಜಾರಿದ್ದು ನೇರ ಒಳಕ್ಕೆ. ಕಾಲು ಮುರದೈತಿ ದೊಡ್ಡಪ್ಪ, ಉಸುರು ಕಟ್ಟಾಕತ್ತೇತಿ. ಹಮಾಲ ಧೋಂಡಪ್ಪ ಇಳಿಯಲು ಧೋತರ ಕಟ್ಟಿದ, ಅವನ ಕಪಾಳಕ್ಕೆ ಬಿಗಿದದ್ದು ತಾನೇ, ದೀಪ ಇಳಸೂತನಕ ಯಾರೂ ಇಳಿಯಂಗಿಲ್ಲ, ಅಷ್ಟರಲ್ಲಿ ಸುಶೀಲಾಬಾಯಿ ಮನೆಯಿಂದ ಓಡಿ ಬಂದಳು, ಹಚ್ಚಿದ ಚಿಮಣಿಗೆ ಸೆರಗು ಮರೆಮಾಡಿಕೊಂಡು, ಭಾವಾರ, ಈ ಸಲರೆ ದೀಪ ಇಳಸ್ರಿ — ಮಾತಾಡಿದಳು, ಗೋಡೆಗಲ್ಲ, ತನಗೇ, ಇಂಥ ಹೊತ್ತಿನಲ್ಲೂ ಅವನ ಎದೆ ಅರಳಿತು, ನಾಚಿಕೆಯಾಯಿತು, ಆದರೂ ಅರಳಿತು.

ಮ್ಯಾಲಿಂದ ಏನೋ ತೊಟಕಾಕತ್ತೇತಿ ದೊಡ್ಡಪ್ಪ, ತಣ್ಣಗ ಐತಿ, ತೆಲಿ ಎಲ್ಲಾ ತೋಯ್ತು — ನೀರಿರಬೇಕು, ಮಿರಜಿನ ಮೋಟಾರಿಗೂ ಹೊಟ್ಟೆಯಲ್ಲಿ ನೀರು ತುಂಬುತ್ತಾರಲ್ಲ, ಧೋಂಡಪ್ಪ ಕೆನ್ನೆ ಹಿಡಿದುಕೊಂಡೇ, ಎಣ್ಣಿಯಂಥಾ ಏನೋ ವಾಸನಿ ಬರ್ತೇತ್ರಿ ಸಾವ್ಕಾರ, ಬರುತ್ತಿರಬಹುದು, ಅರಿಸಿನದ ಧೂಳು ಕುಡಿದು ಕುಡಿದು ತನ್ನ ಮೂಗು ಸತ್ತು ಎಷ್ಟೋ ಕಾಲವಾಯಿತು, ಬಾಯಿ ಮುಚ್ಚೋ, ಹಗ್ಗ ಬಿಟ್ಟ, ಮೊಳ, ಮತ್ತೊಂದು ಮೊಳ, ಸಾವಕಾಶ, ಕತ್ತಲಿಗೆ ಇಳಿಯುತ್ತಲೂ ಕುಡಿ ಕಂಡಿತು, ಹಳದಿ, ನೆಟ್ಟಗೆ, ಅದರ ಬೆಳಕಿನಲ್ಲಿ ಮೇಲೆತ್ತಿದ ಹುಡುಗನ ಮುಖ, ಹಣೆಗಂಟಿದ ಒದ್ದೆ ಕೂದಲು, ಥೇಟ್ ಸಿದ್ರಾಮನೇ, ಆರಿಲ್ಲ, ಆರಿಲ್ಲ ನೋಡವಾ ಸುಶೀಲಾ, ಗಾಳಿ ಚಲೋ ಐತಿ, ಅವನು ತಿರುಗಿ ಹೇಳಿದ, ಅವಳು ಮೊದಲ ಸಲ ಅವನ ಮುಖ ನೋಡಿದಳು, ನೋಡುತ್ತಿದ್ದ ಅವಳ ಮುಖ ಕೆಳಗಿನಿಂದ ಭಗ್ಗನೆ ಬೆಳಗಿತು, ಹಗ್ಗ ಹಗುರವಾಗಿದೆ, ತುದಿಯಲ್ಲಿ ಏನೂ ಇಲ್ಲ, ಆದರೂ ಕೈ ಇಳಿಸುತ್ತಲೇ ಇದೆ, ಮೊಳ, ಮತ್ತೊಂದು ಮೊಳ, ಕುಡಿ ಆರಲಿಲ್ಲ, ಹಗೇವಿನಷ್ಟು ದೊಡ್ಡದಾಯಿತು, ಆರಲಿಲ್ಲ, ಕುಡಿ ಆರಲಿಲ್ಲ