ನಲವತ್ತೆಂಟು ಸುರುಳಿ

ಮೂವತ್ತು ವರ್ಷ ಪಾಠ ಮಾಡಿದವನಿಗೆ ಸ್ವಲ್ಪ ಸೊಕ್ಕು ಬರುತ್ತದೆ. ನನಗೂ ಬಂದಿತ್ತು. ಇಲ್ಲದಿದ್ದರೆ ನಮ್ಮ ಚಿಕ್ಕೋಡಿ ಕಾಲೇಜಿನ ಎಂ.ಎಸ್ಸಿ. ಹುಡುಗಿ ಮನೀಷಾಗೆ, "ಕಾರ್ಬನ್ನಿನ ತಾಕತ್ತೇ ಇಷ್ಟು, ಬೇರೆ ವಿಷಯ ತಗೋ" ಎಂದು ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಶಾಖದಿಂದ ಕರೆಂಟು ತೆಗೆಯುವುದು ಅವಳ ಪ್ರಾಜೆಕ್ಟು. ಇಪ್ಪತ್ತನಾಲ್ಕು ಗಾಜಿನ ಕೊಳವೆ, ಒಳಗೆ ಹಳದಿ ಉಪ್ಪಿನ ದ್ರಾವಣ. ಪ್ರತಿ ಕೊಳವೆಯ ಒಂದು ತುದಿ ಬಿಸಿನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡೂ ತುದಿಗೆ ಕಾರ್ಬನ್ ಬಟ್ಟೆಯ ಒಂದೊಂದು ಸುರುಳಿ. ಅದೇ ಎಲೆಕ್ಟ್ರೋಡು. ಎಲ್ಲ ಕೊಳವೆಗಳನ್ನೂ ಸಾಲಾಗಿ ಜೋಡಿಸಿದರೆ ಒಂದು ಪುಟ್ಟ ಕೆಂಪು ಬಲ್ಬು ಹತ್ತಬೇಕು. ಮೀಟರಿನಲ್ಲಿ ವೋಲ್ಟೇಜು ಚೆನ್ನಾಗಿಯೇ ಬರುತ್ತಿತ್ತು. ಬಲ್ಬು ಜೋಡಿಸಿದ ಕೂಡಲೇ ಕುಸಿಯುತ್ತಿತ್ತು. ಹೆಚ್ಚು ಬಟ್ಟೆ ತುಂಬು, ಬಿಗಿಯಾಗಿ ಸುತ್ತು ಎಂದವನು ನಾನೇ. ಅದರಿಂದ ಇನ್ನಷ್ಟು ಕೆಟ್ಟಿತು. ಶನಿವಾರ ಪರೀಕ್ಷಕರು ಬರುವವರಿದ್ದರು. ಬಲ್ಬು ಹತ್ತದಿದ್ದರೆ ಹುಡುಗಿಯ ಒಂದು ವರ್ಷ ಹಾಳು.

ಗುರುವಾರ ಅಕ್ಕೋಳದಿಂದ ಅವಳ ತಾಯಿ ದ್ರೌಪದಿ ಬುತ್ತಿ ತಂದರು. ನಿಪ್ಪಾಣಿಯ ಕಾರ್ಖಾನೆಗೆ ಬೀಡಿ ಕಟ್ಟುವ ಹೆಂಗಸು. ಮೇಜಿನ ಮೇಲಿದ್ದ ಹೊಸ ಸುರುಳಿಯೊಂದನ್ನು ಎತ್ತಿ ತಿರುಗಿಸಿ ನೋಡಿದವರೇ ತುಟಿಗಿಟ್ಟು ಎಳೆದರು.

"ಅಯ್ಯ, ಅದನ್ನ ಬಾಯಾಗ ಇಡಬ್ಯಾಡ್ರಿ!" ಎಂದು ಕೂಗಿದೆ.

"ದಮ್ಮ ಬರವಲ್ದರಿ ಸರ. ಯಾರ ಸುತ್ಯಾರ ಇದನ್ನ?"

"ನಾನ ಸುತ್ತೇನಿ ಅವ್ವಾ," ಎಂದಳು ಮನೀಷಾ.

"ನನ್ನ ಹೊಟ್ಟ್ಯಾಗ ಹುಟ್ಟಿ ಹಿಂಗ ಸುತ್ತೀಯಲ್ಲ ಬೇ! ಇಷ್ಟ ಬಿಗಿ ಮಾಡಿದ್ರ ಗಾಳಿ ಎಲ್ಲಿಂದ ಹೋಗಬೇಕು?"

ಮನೀಷಾ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ಗಾಳಿ ಹೋಗದ ಕಡೆ ದ್ರಾವಣ ಎಲ್ಲಿಂದ ಹೋಗಬೇಕು? ಸುರುಳಿಯ ಒಳಪದರಗಳೆಲ್ಲ ದ್ರಾವಣ ಸಿಗದೆ ಸುಮ್ಮನೆ ಕೂತಿದ್ದವು. ಇದನ್ನೇ ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ.

ದ್ರೌಪದಿ ಕತ್ತರಿ ಕೇಳಿದರು. ಬಟ್ಟೆಯನ್ನು ಅರ್ಧಕ್ಕೆ ಇಳಿಸಿ, ನೆರೆಮನೆ ಗೌರಾಬಾಯಿಯ ಸೊಸೆಯ ಸುದ್ದಿ ಹೇಳುತ್ತಲೇ ನಲವತ್ತೆಂಟು ಸುರುಳಿ ಸುತ್ತಿ ಮುಗಿಸಿದರು. ಒಮ್ಮೆಯೂ ಬೆರಳು ನೋಡಿಕೊಳ್ಳಲಿಲ್ಲ.

ಶನಿವಾರ ಬಲ್ಬು ಹತ್ತಿತು. ಕಣ್ಣು ಕುಕ್ಕುವ ಬೆಳಕೇನಲ್ಲ, ಆದರೆ ಹತ್ತಿತು. ಮಂಜುಗಡ್ಡೆ ಕರಗಿ ಎರಡೂ ತುದಿಯ ಶಾಖದ ಅಂತರ ಕಡಿಮೆಯಾದಾಗ ಮಂಕಾಯಿತು. ಇದರ ನಿಜವಾದ ಮಿತಿ ಅದೇ ಎಂದು ಪರೀಕ್ಷಕರು ಕೇಳುವ ಮೊದಲೇ ಮನೀಷಾ ವಿವರಿಸಿದಳು.

"ಎಲೆಕ್ಟ್ರೋಡು ಮಾಡಿದ್ದು ಯಾರು?" ಎಂದು ಅವರು ಕೇಳಿದರು.

"ನಮ್ಮವ್ವರಿ. ಬೀಡಿ ಕಟ್ತಾಳ್ರಿ," ಎಂದವಳೇ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ಕೈಹಿಡಿದು ಎಳೆದು ತಂದಳು. ಇವಳು ನನ್ನ ವಿದ್ಯಾರ್ಥಿನಿ ಎಂದು ನನ್ನ ಎದೆ ಉಬ್ಬಿತು.

ಪರೀಕ್ಷಕರು ಹೋದ ಮೇಲೆ ದ್ರೌಪದಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಸರ, ನಲವತ್ತೆಂಟರಾಗ ಎಷ್ಟ ತಗದ ಒಗದ್ರಿ?"

"ಒಂದೂ ಇಲ್ಲರಿ. ಎಲ್ಲಾ ಹಾಕೇವಿ."

"ಒಂದೂ?" ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಕಾರ್ಖಾನ್ಯಾಗ ನಾ ಕಟ್ಟಿದ ಬೀಡಿ ಸರಿ ಇಲ್ಲಂತ ದಿನಾ ಒಂದ ಮುಟಗಿ ತಗದ ಒಗೀತಾರ್ರಿ. ಇಪ್ಪತ್ತೆರಡ ವರ್ಷಾತು. ನನ್ನ ಕೈದು ಎಲ್ಲಾ ಪಾಸಾಗಿದ್ದು ಇವತ್ತ ನೋಡ್ರಿ."