ಮಹಡಿಯ ಕಿಟಕಿಯ ಬಾವುಟ

ಊರಿನ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಇರಿಸುತ್ತಿದ್ದ ತೆಂಗಿನ ಚಿಪ್ಪುಗಳನ್ನು ಶಿವರುದ್ರಪ್ಪನವರು ತಮ್ಮ ಯೌವನದಲ್ಲಿ ಒಡೆದು ಹಾಕಿದ್ದರು. ಕೇರಿಯವರಿಗೆ ಚಿಪ್ಪಿನಲ್ಲಿ ಚಹಾ, ಉಳಿದವರಿಗೆ ಗಾಜಿನ ಲೋಟ ಎಂಬ ಕಟ್ಟಳೆ ಅಂದಿಗೆ ಮುರಿಯಿತು. ಅದಕ್ಕಾಗಿ ಅವರು ಸ್ವಂತ ಕುಲದವರಿಂದಲೇ ಏಟು ತಿಂದರು. ಆದರೆ ಕೇರಿಯ ಗೆಳೆಯ ತಿಮ್ಮಯ್ಯನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿದರು.

ಪರದೇಶದಲ್ಲಿ, ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಮಗಳ ಮನೆ ಸೇರಿದ ಮೇಲೂ ಈ ಕಥೆಯಿಲ್ಲದೆ ಅವರ ಭಾನುವಾರ ಮುಗಿಯುತ್ತಿರಲಿಲ್ಲ. ಹೋಟೆಲಿನವನ ಮಾತನ್ನು ಮೂಗಿನಲ್ಲಿ ಎಳೆದೆಳೆದು ಅಣಕಿಸುವರು: "ಯಾರನ್ನೂ ನೋಯಿಸ್ಬೇಕು ಅಂತಲ್ಲಪ್ಪಾ, ಇದು ಇಲ್ಲಿನ ಪದ್ಧತಿ!"

"ಗೊತ್ತು ತಾತ. ಆಮೇಲೆ ಚಿಪ್ಪು ಒಡೀತು, ಎಲ್ಲಾ ಸರಿಹೋಯ್ತು, ಗ್ರ್ಯಾಂಡ್," ಎನ್ನುವಳು ಮೊಮ್ಮಗಳು ಇಂಚರಾ.

ಆ ಭಾನುವಾರ ಕಾರ್ಕ್ ತಂಡದ ಹರ್ಲಿಂಗ್ ಎಂಬ ಕೋಲು-ಚೆಂಡಿನ ಪಂದ್ಯ. ಮೈದಾನದ ಬಳಿ ಕೊಂಡಿದ್ದ ಕೆಂಪು ಬಾವುಟವನ್ನು ಶಿವರುದ್ರಪ್ಪನವರು ಬೆಳಗ್ಗೆಯೇ ಮಹಡಿಯ ಕಿಟಕಿಗೆ ಕಟ್ಟಿದ್ದರು. ಅದರ ಮೇಲೆ ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದ ನೀಲಿ ಪಟ್ಟಿ, ಪಟ್ಟಿಯ ತುಂಬ ಬಿಳಿ ನಕ್ಷತ್ರಗಳು. ಇಂಚರಾಳನ್ನು ಪಂದ್ಯಕ್ಕೆ ಕರೆದೊಯ್ಯಲು ಅವಳ ಗೆಳತಿಯ ತಾಯಿ ಫೋಲಾಕೆ ಮಗಳೊಡನೆ ಕಾರಿನಲ್ಲಿ ಬಂದಳು. ನೈಜೀರಿಯಾದ ಆ ದಾದಿ ಎಂದೂ ಚಹಾ ಕುಡಿಯದೆ ಹೊರಟವಳಲ್ಲ. ಇಂದು ಕಾರಿನಿಂದ ಇಳಿಯಲಿಲ್ಲ.

"ನೋಡಿದೆಯೇನಮ್ಮ, ನಮ್ಮ ಬಾವುಟ?" ಎಂದು ಶಿವರುದ್ರಪ್ಪನವರೇ ಗೇಟಿನವರೆಗೆ ನಡೆದರು.

"ನೋಡಿದೆ, ಅಂಕಲ್. ಅದಕ್ಕೇ ಇಳೀಲಿಲ್ಲ. ಅದು ಕಾರ್ಕ್‌ನದ್ದಲ್ಲ. ನನ್ನಂಥವರನ್ನ ದನಗಳ ಹಾಗೆ ಮಾರೋ ಹಕ್ಕು ಉಳಿಸ್ಕೊಳ್ಳೋಕೆ ಅಮೆರಿಕದಲ್ಲಿ ಯುದ್ಧ ಮಾಡಿದವರದು."

"ಅಲ್ಲೀದು ಅಲ್ಲಿಗಾಯ್ತು. ಇಲ್ಲಿ ಕಾರ್ಕ್‌ನವರಿಗೆ ಬಂಡಾಯಗಾರರು ಅಂತಲೇ ಹೆಸರು. ಇದೂ ಬಂಡಾಯದ ಬಾವುಟ, ಬಣ್ಣವೂ ಕೆಂಪು, ಅದಕ್ಕೇ ಪಂದ್ಯಕ್ಕೆ ಹಾರಿಸ್ತಾರೆ. ನವೆಂಬರ್ ಬಂದ್ರೆ ನಮ್ಮಲ್ಲೂ ಬಾವುಟ ಹಾರಿಸ್ತೀವಿ. ಊರಿನ ಅಭಿಮಾನ, ಅಷ್ಟೆ."

"ಬಸ್ಸಲ್ಲಿ ನನ್ನ ಮಗಳಿಗೆ ಉಗಿದವನ ಜಾಕೆಟ್ ಮೇಲೂ ಇದೇ ಇತ್ತು. ಅವನಿಗೂ ಅಭಿಮಾನವೇ ಇರ್ಬೇಕು."

"ಯಾರನ್ನೂ ನೋಯಿಸ್ಬೇಕು ಅಂತ ಕಟ್ಟಿದ್ದಲ್ಲಮ್ಮ, ಇದು ಇಲ್ಲಿನ ಪದ್ಧತಿ..."

ಗೇಟಿನ ಪಕ್ಕ ಬೂಟಿನ ದಾರ ಬಿಗಿಯುತ್ತಿದ್ದ ಇಂಚರಾ ತಟ್ಟನೆ ತಲೆಯೆತ್ತಿ ತಾತನನ್ನು ನೋಡಿದಳು. ಶಿವರುದ್ರಪ್ಪನವರಿಗೂ ತಮ್ಮ ಮಾತು ತಮಗೇ ಕೇಳಿಸಿತು. ಈ ಸಲ ಅದರಲ್ಲಿ ಅಣಕವಿರಲಿಲ್ಲ. ಅದು ಅವರದೇ ದನಿಯಾಗಿತ್ತು. ಅವರು ಒಳಗೆ ನಡೆದು, ಮೆಟ್ಟಿಲೇರಿ, ಬಾವುಟದ ಗಂಟಿಗೆ ಕೈಹಾಕಿದರು. ಬೆಳಗ್ಗೆ ಗಾಳಿಗೆ ಬಿಚ್ಚದಿರಲೆಂದು ಬಲವಾಗಿ ಬಿಗಿದಿದ್ದರು. ಈಗ ಗಂಟು ಸಡಿಲಲೊಲ್ಲದು. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಕೆಳಗಿಳಿದು ಬಾವುಟವನ್ನು ಕಸದ ಡಬ್ಬಿಗೆ ಹಾಕಿ ಮತ್ತೆ ಗೇಟಿಗೆ ಬಂದರು.

"ತಪ್ಪಾಯ್ತು, ತಾಯಿ. ಒಳಗೆ ಬಾ, ಚಹಾ ಮಾಡ್ತೀನಿ."

ಫೋಲಾಕೆ ಕುಳಿತಲ್ಲಿಂದಲೇ ಇಂಚರಾಳಿಗೆ ಕಾರಿನ ಬಾಗಿಲು ತೆರೆದಳು. "ಬಾವುಟ ತೆಗೆದದ್ದಕ್ಕೆ ಥ್ಯಾಂಕ್ಸ್, ಅಂಕಲ್. ಚಹಾ ಇವತ್ತು ಬೇಡ," ಎಂದು ಮೆಲ್ಲನೆ ಹೇಳಿ, ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು.

ಸಂಜೆ ಇಂಚರಾ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮರಳಿದಾಗ ಶಿವರುದ್ರಪ್ಪನವರು ಬರಿದಾದ ಕಿಟಕಿಯ ಬಳಿ ಕುಳಿತಿದ್ದರು. ಅವಳು ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

"ತಾತ, ಇವತ್ತು ಕಥೆ ಹೇಳ್ಲೇ ಇಲ್ಲ."

"ಅದನ್ನು ಹೇಳೋ ಮುಖ ನನಗಿಲ್ಲ ಮಗು."

ಅವಳು ಅವರ ಮೊಣಕಾಲಿಗೆ ಒರಗಿದಳು.

"ಇನ್ನೊಂದ್ಸಲ ಹೇಳಿ ತಾತ. ಪ್ಲೀಸ್. ಹೋಟೆಲಿನವನ ಮಾತಿಂದಲೇ ಶುರು ಮಾಡಿ."