ಇಬ್ಬನಿ ಆರುವ ಮೊದಲು

ಹೋರ್ಚಿನ್ ಎಂಬ ಹುಲ್ಲುಗಾವಲು ಸೀಮೆಯ ಮರಳು ದಿಬ್ಬಗಳ ನಡುವೆ ಸೊಸೆ ಉಯುನಾ ಹುಲ್ಲು ಬಿತ್ತಿದ ವರ್ಷ, ದುಲ್ಮಾ ಕಂಡಕಂಡವರ ಮುಂದೆ ಹೇಳಿಕೊಂಡು ನಕ್ಕಿದ್ದಳು: "ನಮ್ಮನೇಲಿ ಹುಲ್ಲು ಬೆಳೆಸೋ ಆಕಾಶದ ಕೆಲಸಾನೂ ಸೊಸೇನೇ ಮಾಡ್ತಾಳೆ ಕಣ್ರೇ!"

ಬೇರೆ ದಾರಿ ಇರಲಿಲ್ಲ. ಹಳೆಯ ಹುಲ್ಲುಗಾವಲು ಸವೆದು ಮರಳೆದ್ದು, ಅಲ್ಲಿ ದನ ಮೇಯಿಸದಂತೆ ಬೇಲಿ ಹಾಕಲಾಗಿತ್ತು. ಮಾಂಸಕ್ಕೆಂದು ಸಾಕಿದ ದನಗಳಿಗೆ ಬಿತ್ತಿದ ಮೇವೇ ಗತಿ. ಉಯುನಾ ಕುದುರೆಮಸಾಲೆ ಎಂಬ ಮೇವಿನ ಸೊಪ್ಪನ್ನೂ ಹುಲ್ಲನ್ನೂ ಬೆರೆಸಿ ಬಿತ್ತಿದಳು. ಮಳೆ ಕೈಕೊಟ್ಟು ಹುಲ್ಲು ಅಲ್ಲೊಂದು ಇಲ್ಲೊಂದು ಎದ್ದಿತು. ಆಳಕ್ಕೆ ಬೇರಿಳಿಸಿದ ಸೊಪ್ಪು ಮಾತ್ರ ಸೊಕ್ಕಿ ಬೆಳೆಯಿತು.

ಮಗ ಜಿರ್ಗಾಲ್ ದನದ ಸಂತೆಗೆ ಹೋಗಿದ್ದ ಬೆಳಿಗ್ಗೆ, ದನಗಳು ಮೇವಿನ ಹೊಲದ ಗೇಟಿಗೆ ಮೈಯೊತ್ತಿ ಕೂಗುತ್ತಿದ್ದವು.

"ಬಿಡ್ಬೇಡಿ ಅತ್ತೆ, ಇಬ್ಬನಿ ಆರ್ಲಿ. ಮೊದ್ಲು ಒಣಹುಲ್ಲು ಹಾಕ್ತೀನಿ," ಎಂದು ಉಯುನಾ ಪಂಪಿನ ಕಡೆ ಹೋದಳು.

ದುಲ್ಮಾಗೆ ಆ ಕೂಗು ಕೇಳಿ ಸಹಿಸಲಾಗಲಿಲ್ಲ. ಅದರಲ್ಲೂ ಕೆಂಪಿಯದು. ಹಿಮಗಾಳಿಗೆ ತಾಯಿ ಸತ್ತಾಗ ಅವಳೇ ಒಲೆಯ ಪಕ್ಕ ಮಲಗಿಸಿ, ಬಾಟಲಿ ಹಾಲು ಕುಡಿಸಿ ಬೆಳೆಸಿದ ಹಸು ಅದು. "ಕಣ್ಣೆದುರು ಹಸಿರಿಟ್ಟು ಉಪವಾಸ ಕೆಡವ್ತಾಳೆ, ಜಿಪುಣಿ," ಎಂದು ಗೊಣಗಿ ಗೇಟಿನ ಹಗ್ಗ ಬಿಚ್ಚಿಬಿಟ್ಟಳು.

ಉಪ್ಪು ಚಹಾ ಕಾಯಿಸಿ ಕುಡಿದು ಹೊರಬಂದರೆ, ಒಂದು ಹೋರಿಗರು ಕಾಲು ಚಾಚಿ ಬಿದ್ದಿತ್ತು. ಉಸಿರಿರಲಿಲ್ಲ. ಕೆಂಪಿಯ ಎಡಹೊಟ್ಟೆ ನಗಾರಿಯಂತೆ ಉಬ್ಬಿ, ನಾಲಿಗೆ ಹೊರಚಾಚಿತ್ತು.

ಮುದುಕಿಯ ಚೀರಾಟಕ್ಕೆ ಉಯುನಾ ಓಡಿ ಬಂದಳು. ಮಿಕ್ಕ ದನಗಳನ್ನು ಹೊರಗಟ್ಟಿ, ಒಳಗಿನಿಂದ ಚೂರಿ ತಂದಳು. ಅದರ ಮೊನೆಯನ್ನು ಕೆಂಪಿಯ ಉಬ್ಬಿದ ಎಡಹೊಟ್ಟೆಗೆ ತಾಗಿಸಿ, ಹಿಂದಕ್ಕೆಳೆದುಕೊಂಡಳು.

"ಗಾಳಿ ಹೊರಹೋಗೋಕೆ ಇಲ್ಲೇ ಚುಚ್ಬೇಕು ಅಂತ ಗೊತ್ತು. ಆದ್ರೆ ನನ್ ಕೈಲಾಗಲ್ಲ ಅತ್ತೆ!"

"ನಿನ್ನ ಕೈ ಜೊತೆ ನನ್ನದೂ ಇರ್ಲಿ. ಒತ್ತು!"

ಇಬ್ಬರೂ ಸೇರಿ ಒತ್ತಿದರು. ಗಾಳಿ ಬುಸ್ಸೆಂದು ಹೊರಬಿತ್ತು, ಹಸಿರು ನೊರೆ ಇಬ್ಬರ ಮುಖಕ್ಕೂ ಸಿಡಿಯಿತು. ಕೆಂಪಿ ಒಮ್ಮೆ ನಡುಗಿ, ಉದ್ದಕ್ಕೆ ಉಸಿರೆಳೆದುಕೊಂಡಿತು. ದುಲ್ಮಾ ಅದರ ಕುತ್ತಿಗೆಗೆ ಒರಗಿ ಅತ್ತಳು. ಸೊಸೆಯ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಸಂಜೆ ಬಂದ ಜಿರ್ಗಾಲ್, ಸತ್ತ ಕರುವನ್ನು ನೋಡಿ ದಂಗಾದ. "ಒಳಗೆ ಹೇಗೆ ಹೋದ್ವು?"

"ಗೇಟಿನ ಹಗ್ಗ ಬಿಚ್ಕೊಂಡಿತ್ತು," ಎಂದಳು ಉಯುನಾ.

"ಹಗ್ಗಕ್ಕೇನು ಕೈ ಇದ್ಯಾ? ಬಿಚ್ಚಿದ್ದು ನಾನು," ಎಂದಳು ದುಲ್ಮಾ. "ಇವಳು ಬೇಡ ಅಂದಿದ್ಲು."

ಜಿರ್ಗಾಲ್ ಸತ್ತ ಕರುವಿನ ಮೇಲೆ ಗೋಣಿ ಹೊದಿಸಿ ಇಬ್ಬರ ಜೊತೆ ಒಳಗೆ ಬಂದ. ಉಯುನಾ ಅತ್ತೆಯ ಬಟ್ಟಲಿಗೆ ಚಹಾ ಬಗ್ಗಿಸಿದಳು. "ಬೇಡ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ಹೇಳಿದ್ರೆ ನಗ್ತೀರಿ ಅನ್ಕೊಂಡೆ."

"ನಗ್ತಿದ್ದೆ," ಎಂದು ಮುದುಕಿ ಒಪ್ಪಿಕೊಂಡಳು. "ಈಗ ಹೇಳು, ಕೇಳ್ತೀನಿ."

ಉಯುನಾ ಮೆಲ್ಲಗೆ ಶುರುಮಾಡಿದಳು: ಖಾಲಿ ಹೊಟ್ಟೆಗೆ ಇಬ್ಬನಿಯಲ್ಲಿ ನೆನೆದ ಬರೀ ಹಸಿ ಸೊಪ್ಪು ಬಿದ್ದರೆ ನೊರೆ ಕಟ್ಟಿ, ಗಾಳಿ ಹೊರಬರಲಾಗದೆ ಹೊಟ್ಟೆ ಉಬ್ಬುತ್ತದೆ, ಹುಲ್ಲು ಜೊತೆಗಿದ್ದರೆ ಅಷ್ಟು ಭಯವಿಲ್ಲ. ದುಲ್ಮಾ ನಡುನಡುವೆ ಪ್ರಶ್ನೆ ಕೇಳುತ್ತ, ಚಹಾ ಆರಿದ್ದೂ ತಿಳಿಯದೆ ಕುಳಿತಳು.